ಅಧ್ಯಕ್ಷೆಯ ಬಾಯಾರಿಕೆ

ಕಾಫಿ ಬೇಡವೆನ್ನುವವರನ್ನು ನಮ್ಮ ಬಸವನಗುಡಿಯಲ್ಲಿ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ; ಜ್ವರವೋ ಮುನಿಸೋ, ಎರಡರಲ್ಲೊಂದು ಇರಲೇಬೇಕೆಂದು ನಂಬಿರುವ ಬಡಾವಣೆ ಇದು. ಹಾಗಾಗಿ ನನ್ನ ಅಕ್ಕ ವಿಮಲಾ, ತನ್ನ ಸನ್ಮಾನದ ದಿನ ಬೆಳಗ್ಗೆ ನಮ್ಮ ಮನೆಗೆ ಬಂದವಳು, ಹಬೆಯಾಡುತ್ತಿದ್ದ ಲೋಟವನ್ನು ಆಚೆ ಸರಿಸಿ, "ಬೇಡ ಕಣೇ, ಇವತ್ತು ಮೀಟಿಂಗ್ ಇದೆ" ಎಂದಾಗ ನನಗೆ ಕೋಪವೇ ಬಂತು. ಮೀಟಿಂಗಿಗೂ ಕಾಫಿಗೂ ಎಲ್ಲಿಯ ನಂಟು? ಆ ಲೋಟವನ್ನೂ ನಾನೇ ಕುಡಿದೆ.

ಅಕ್ಕನ ಪರಿಚಯ ನಿಮಗಿಲ್ಲ. ನಗರ್ತಪೇಟೆಯಲ್ಲಿ ಅವಳ ಮಾವ ಇಟ್ಟ ಅಂಗಡಿಯೊಂದಿದೆ. ಗುಂಡಿ, ಜಿಪ್ಪು, ಲೇಸು, ದಾರದುಂಡೆ, ಸೀರೆಯ ಫಾಲ್ಸು ಹೀಗೆ ದರ್ಜಿಗಳಿಗೆ ಬೇಕಾದ ಸಮಸ್ತವೂ ಸಗಟಿನಲ್ಲಿ ಸಿಗುವ ಜಾಗ. ಭಾವನ ಕಣ್ಣು ಮಂಜಾದ ಮೇಲೆ ಅಲ್ಲಿ ಕೂತವಳು ಅಕ್ಕ. ಮೊದಮೊದಲು "ಯಜಮಾನ್ರು ಇಲ್ವಾ?" ಎಂದು ಅವಳ ತಲೆಯ ಮೇಲಿಂದ ಒಳಗೆ ಇಣುಕುತ್ತಿದ್ದ ಗಿರಾಕಿಗಳು ಬರಬರುತ್ತ ಅವಳಲ್ಲೇ ಯಜಮಾನಿಕೆಯನ್ನು ಕಂಡುಕೊಂಡರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದೆ. ನನಗಿಂತ ಹಿರಿಯಳಾದ ಅವಳು ಈಗ ಆ ಪೇಟೆಯ ವರ್ತಕರ ಸಂಘಕ್ಕೆ ಅಧ್ಯಕ್ಷೆಯಾದಳು. ಆ ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂತದ್ದು ಅದೇ ಮೊದಲು. ಅದೇ ವಾರ ಟೀವಿಯಲ್ಲಿ ಯಾವುದೋ ದೂರದ ದೇಶದ ಮಹಿಳೆಯೊಬ್ಬರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಅತ್ತ ಅವರು, ಇತ್ತ ನಮ್ಮಕ್ಕ. ಭೂಮಂಡಲದ ಹೆಣ್ಣುಮಕ್ಕಳೆಲ್ಲ ಒಟ್ಟಿಗೇ ಮೆಟ್ಟಿಲು ಹತ್ತುತ್ತಿರುವಂತೆ ಕಂಡು ನನ್ನ ಎದೆ ಉಬ್ಬಿತ್ತು.

ಸಂಘದ ಸಭಾಂಗಣವಿರುವುದು ಹಳೆಯ ಕಟ್ಟಡವೊಂದರ ಮಹಡಿಯಲ್ಲಿ. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಸ್ತ್ರೀಶಕ್ತಿಯ ಬಗ್ಗೆ ಒಬ್ಬರಾದ ಮೇಲೊಬ್ಬರು ಮಾತಾಡಿದರು. ಎರಡು ಲೋಟ ಕಾಫಿ ಕುಡಿದು ಹೋಗಿದ್ದ ನಾನು ಮೆಲ್ಲನೆ ಎದ್ದು, ಕಾರ್ಯದರ್ಶಿಗಳನ್ನು ಬಾತ್‌ರೂಮ್ ಎಲ್ಲಿದೆಯೆಂದು ಕೇಳಿದೆ. ತಲೆ ನರೆತ, ಸಂಭಾವಿತ ಮನುಷ್ಯ ಅವರು. ಮುಖ ಕೆಂಪಾಯಿತು.

"ಅಮ್ಮಾ, ಇಲ್ಲಿ ಜೆಂಟ್ಸ್‌ದು ಮಾತ್ರ ಇರೋದು. ಕಟ್ಟೋವಾಗ ಲೇಡೀಸ್ ಯಾರೂ ಬರ್ತಿರ್ಲಿಲ್ಲ ನೋಡಿ."

"ಮತ್ತೆ ನಮ್ಮಕ್ಕ?"

"ಮೇಡಂ ಏನೂ ಕೇಳ್ಲಿಲ್ವಲ್ಲ," ಎಂದರು, ಅವರಿಗೇ ಅದು ಆಗಷ್ಟೇ ಹೊಳೆದಂತೆ.

ನಾನು ಕಂಬಕ್ಕೆ ಒರಗಿ ನಿಂತೆ. ವೇದಿಕೆಯ ಮೇಲೆ ಅಕ್ಕ ನಗುತ್ತಿದ್ದಳು. ಅವಳ ಮುಂದಿಟ್ಟ ನೀರಿನ ಬಾಟಲಿಯ ಮುಚ್ಚಳವೂ ತೆರೆದಿರಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ, ಅಲ್ಲಿ ಹೇಗೆ ಸುಧಾರಿಸುತ್ತೀ ಎಂದು ಕೇಳಿದೆ. "ಬೆಳಗ್ಗೆಯಿಂದ ಏನೂ ಕುಡಿಯಲ್ಲ, ಅಷ್ಟೇ," ಎಂದಳು, ಉಪವಾಸದ ಮಾತಾಡುವಷ್ಟು ಸಲೀಸಾಗಿ. "ಅಂಗಡೀಲೂ ಬಾತ್‌ರೂಮ್ ಇಲ್ಲ ಕಣೇ. ಅಲ್ಲಿ ಕೂತಾಗಿಂದ ಹೀಗೇ. ಅಭ್ಯಾಸ ಆಗೋಗಿದೆ."

ಹೋದ ಬೇಸಿಗೆಯಲ್ಲಿ ಮೂತ್ರದ ಸೋಂಕಿನಿಂದ ಜ್ವರ ಏರಿ ಅವಳು ಆಸ್ಪತ್ರೆ ಸೇರಿದಾಗ ಎಳನೀರು ಹೊತ್ತುಕೊಂಡು ಹೋದವಳು ನಾನು. "ನೀರು ಜಾಸ್ತಿ ಕುಡೀಬೇಕಮ್ಮ" ಎಂದು ಡಾಕ್ಟರು ಹೇಳಿದಾಗ ಅವಳು ಆಗಲೆಂದು ತಲೆಯಾಡಿಸಿದ್ದಳು, ಒಂದಕ್ಷರ ಬಾಯಿ ಬಿಟ್ಟಿರಲಿಲ್ಲ.

"ಈಗ ನೀನೇ ಅಧ್ಯಕ್ಷೆ. ಹೇಳು ಅವರಿಗೆ."

"ಗೆದ್ದು ಬಂದು ಆಡೋ ಮೊದಲನೇ ಮಾತೇ ಅದಾ? ನಗ್ತಾರೆ ಕಣೇ. ಆಮೇಲೆ ನಾನು ಏನು ಹೇಳಿದ್ರೂ ಅದೇ ನೆನಪಾಗುತ್ತೆ ಅವರಿಗೆ."

ಆ ಮಾತು ನನ್ನನ್ನು ದಿನಗಟ್ಟಲೆ ಬಿಡಲಿಲ್ಲ. ಟೀವಿಯಲ್ಲಿ ಕಂಡ ಆ ಪ್ರಧಾನಿಯ ಹಿಂದೆ ನೂರಾರು ವರ್ಷ ಹಳೆಯದಿರಬಹುದಾದ ಕಲ್ಲಿನ ಭವನವೊಂದಿತ್ತಲ್ಲ, ಅದರೊಳಗೆ ಮೊಟ್ಟಮೊದಲು ಕಾಲಿಟ್ಟ ಹೆಣ್ಣುಮಗಳು ಯಾರ ಕಿವಿಯಲ್ಲಿ ಪಿಸುಗುಟ್ಟಿ ಯಾವ ಬಾಗಿಲು ಕೇಳಿದಳೋ! ಜಗತ್ತು ನಮಗೆ ಸ್ಥಾನವನ್ನು ಕೊಡುತ್ತಿದೆ, ನಿಜ. ಜಾಗವನ್ನು ಕೊಡುವುದು ಮಾತ್ರ ಮರೆತಿದೆ. ಸ್ಥಾನ, ಜಾಗ ಎರಡಕ್ಕೂ ಅರ್ಥ ಒಂದೇ ಎಂದು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದವಳು ನಾನು.

ಮುಂದಿನ ಸಭೆಗೆ ಅಕ್ಕ ನನ್ನನ್ನು ಕರೆದಳು. "ಸುಮ್ನೆ ಬಾ, ಒಬ್ಬಳಿಗೇ ಧೈರ್ಯ ಸಾಲ್ತಿಲ್ಲ," ಎಂದಳೇ ಹೊರತು ಯಾತಕ್ಕೆಂದು ಹೇಳಲಿಲ್ಲ. ಲಾರಿಗಳಿಂದ ಮಾಲು ಇಳಿಸುವ ಹೊತ್ತಿನ ಬಗ್ಗೆ ಬಿಸಿಬಿಸಿ ಚರ್ಚೆ ನಡೆದಿತ್ತು. ಅಕ್ಕ ಬಾಟಲಿಯ ಮುಚ್ಚಳ ತಿರುಗಿಸಿ, ಎಲ್ಲರ ಎದುರು, ನಿಧಾನವಾಗಿ ಅಷ್ಟನ್ನೂ ಕುಡಿದಳು. ಸ್ವಲ್ಪ ಹೊತ್ತಾದ ಮೇಲೆ ಮೈಕು ಎಳೆದುಕೊಂಡಳು.

"ಸಭೆ ಸ್ವಲ್ಪ ನಿಲ್ಲಿಸ್ತಿದೀನಿ. ನಾನು ಬಾತ್‌ರೂಮಿಗೆ ಹೋಗ್ಬೇಕು. ಇಲ್ಲಿ ನನಗೆ ಅನುಕೂಲ ಇಲ್ಲ, ಅದಕ್ಕೆ ಚಾಮರಾಜಪೇಟೆಗೆ, ನಮ್ಮನೆಗೆ ಹೋಗಿ ಬರ್ತೀನಿ. ದಯವಿಟ್ಟು ಯಾರೂ ಹೊರಡ್ಬೇಡಿ, ತೀರ್ಮಾನ ಆಗ್ಬೇಕಿದೆ."

ಅವಳು ಮೆಟ್ಟಿಲಿಳಿದು ಹೋದ ಸದ್ದು ಕೊನೆಯ ಮೆಟ್ಟಿಲಿನವರೆಗೂ ಕೇಳಿಸಿತು. ನಾನು ಕೂತಲ್ಲೇ ಬೆವತೆ. ನನ್ನ ಮರ್ಯಾದಸ್ಥ ಅಕ್ಕ, ಮೈಕಿನಲ್ಲಿ! ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಜೊತೆಗೂಡುವವರು ಸಿಗದೆ ಆ ನಗು ಅಲ್ಲೇ ಸತ್ತಿತು. ಆ ಟ್ರಾಫಿಕ್ಕಿನಲ್ಲಿ ಚಾಮರಾಜಪೇಟೆಗೆ ಹೋಗಿ ಬರುವುದೆಂದರೆ ಏನೆಂದು ನಿಮಗೆ ಗೊತ್ತು. ಗಂಡಸರು ಫ್ಯಾನು ನೋಡಿದರು, ಫೋನು ನೋಡಿದರು, ಕೊನೆಗೆ ನೆಲ ನೋಡಿದರು. ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಬಟ್ಟೆ ವ್ಯಾಪಾರಿ ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು: "ನಮ್ಮಂಗಡೀಲಿ ನನ್ನ ಸೊಸೆ ಕೂರ್ತಾಳೆ. ಅವಳು ಎಲ್ಲಿಗೆ ಹೋಗ್ತಾಳೆ ಅಂತ ನಾನು ಯೋಚ್ನೇನೇ ಮಾಡಿಲ್ಲ."

ಅಕ್ಕ ಬಂದು ಕೂತು, ಏನೂ ಆಗದವಳಂತೆ "ಲಾರಿ ವಿಷಯ ಎಲ್ಲಿಗೆ ಬಂತು?" ಎಂದಳು. ಕಾರ್ಯದರ್ಶಿಗಳು ಎದ್ದು ನಿಂತರು. "ಅದಿರ್ಲಿ ಮೇಡಂ. ಅದಕ್ಕೆ ಮೊದ್ಲು ಇನ್ನೊಂದು ತೀರ್ಮಾನ ಆಗ್ಬೇಕು." ಕೆಳಗೆ ಮೆಟ್ಟಿಲ ಮಗ್ಗುಲಲ್ಲಿ ಮುರಿದ ಕುರ್ಚಿ, ಹಳೆಯ ಬ್ಯಾನರು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ ಹೆಂಗಸರಿಗೆಂದು ಬಾತ್‌ರೂಮು ಕಟ್ಟಿಸುವುದೆಂದಾಯಿತು. ಒಬ್ಬರೂ ಬೇಡವೆನ್ನಲಿಲ್ಲ.

ಅದು ತೆರೆದ ದಿನ ಟೇಪು ಕತ್ತರಿಸುವ ಸಮಾರಂಭವೆಲ್ಲ ಇರಲಿಲ್ಲ. ಕುತೂಹಲಕ್ಕೆ ಹೋದ ನಾನು ಗಲ್ಲಿಯ ತಿರುವಿನಲ್ಲೇ ದಂಗಾಗಿ ನಿಂತೆ. ಸಾಲು ಬೀದಿಯವರೆಗೂ ಬಂದಿತ್ತು. ಅಂಗಡಿಗಳಲ್ಲಿ ಬಟ್ಟೆ ಮಡಿಸುವವರು, ಕಸ ಗುಡಿಸುವವರು, ಹೂ ಮಾರುವವರು, ಸಮವಸ್ತ್ರದ ಪೊಲೀಸ್ ಹುಡುಗಿ, ಪಕ್ಕದ ಮಾಮೂಲ್‌ಪೇಟೆಯಿಂದ ಸುದ್ದಿ ಕೇಳಿ ಬಂದವರು. ತುಂಬು ಬಸುರಿಯೊಬ್ಬಳನ್ನು ಎಲ್ಲರೂ ಮುಂದೆ ಕಳಿಸುತ್ತಿದ್ದರು. ಇದೇ ಗಲ್ಲಿಗಳಲ್ಲಿ ನಾನು ಹರೆಯದಿಂದ ಓಡಾಡಿದ್ದೇನೆ. ಈ ಪೇಟೆಯಲ್ಲಿ ಇಷ್ಟು ಜನ ಹೆಂಗಸರಿದ್ದರೆಂದು ನನ್ನ ಕಣ್ಣಿಗೆ ಬಿದ್ದದ್ದು ಅಂದೇ.

ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವಳು ತಿರುಗಿ ಕೇಳಿದಳು: "ಅಮ್ಮಾ, ಇದು ಈ ಮೇಡಂ ಇರೋ ತನಕ ಮಾತ್ರಾನಾ? ಆಮೇಲೂ ತೆಗ್ದಿರುತ್ತಾ?"

ಪಕ್ಕದ ಗಲ್ಲಿಯಲ್ಲಿದ್ದ ಅಕ್ಕನ ಅಂಗಡಿಗೆ ಹೋಗಿ ಆ ಹೆಂಗಸಿನ ಪ್ರಶ್ನೆಯನ್ನು ಹಾಗೇ ಒಪ್ಪಿಸಿದೆ. ಅಕ್ಕ ಕೈಯಲ್ಲಿದ್ದ ಲೇಸಿನ ಸುರುಳಿಯನ್ನು ಕೆಳಗಿಟ್ಟಳು. ಆಮೇಲೆ ಎದ್ದು, ಕೋಣೆಯ ಬಾಗಿಲು ಕೂರಿಸಿದ್ದ ಬಡಗಿಗೆ ಫೋನು ಮಾಡಿದಳು.

"ಹೊರಗಡೆ ಚಿಲಕ ಬಿಚ್ಚಿಬಿಡಪ್ಪ. ಬೀಗ ಹಾಕೋಕೆ ಯಾರಿಗೂ ಆಗ್ಬಾರ್ದು. ಒಳಗಿನ ಚಿಲಕ ಒಂದಿದ್ರೆ ಸಾಕು."