ಹೇಳಿದ್ದನ್ನು ಹೇಳಿದ ಹಾಗೇ ಬರೆಯುವ ಕೈ

ಬೆಳಗಿನ ಆರು ಗಂಟೆ. ಚರ್ಚಿನ ಹಿಂಬದಿಯ ಕಟ್ಟಡದಲ್ಲಿ ಎರಡನೇ ಮಹಡಿಯ ಒಂದು ಕಿಟಕಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಐವತ್ತೆಂಟರ ಹೆಂಗಸೊಬ್ಬರು ಮೇಜು ಒರೆಸುತ್ತಾರೆ, ಹೂಜಿಗೆ ನೀರು ತುಂಬಿಸುತ್ತಾರೆ, ಲೋಟಗಳನ್ನು ಬೋರಲು ಹಾಕುತ್ತಾರೆ, ಅಲುಗಾಡುವ ಕುರ್ಚಿಯ ಕಾಲಿನಡಿ ಮಡಿಸಿದ ರಟ್ಟು ಸಿಕ್ಕಿಸುತ್ತಾರೆ. ಆಮೇಲೆ ಬಲಗೈ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ಹಿಂದಿನ ದಿನ ಕೈಯಲ್ಲಿ ಬರೆದ ಹಾಳೆಗಳನ್ನು ಟೈಪ್ ಮಾಡಲು ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೈ ಊದಿಕೊಂಡು ಬೆರಳು ಮಾತು ಕೇಳುವುದಿಲ್ಲ. ಹಾಗಾಗಿ ಈ ಕೆಲಸವೆಲ್ಲ ಜನ ಬರುವ ಮೊದಲೇ ಮುಗಿಯಬೇಕು.

ಇದು ಚರ್ಚಿನ ವಿವಾಹ ನ್ಯಾಯಮಂಡಳಿಯ ಕೋಣೆ. ಸಂಸಾರ ಮುರಿದುಕೊಂಡವರು ಇಲ್ಲಿ ಬಂದು ತಮ್ಮ ಕಥೆ ಹೇಳುತ್ತಾರೆ, ಈಕೆ ಬರೆದುಕೊಳ್ಳುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಬಿಷಪ್ಪರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಇವರು ‘ಬರೆಯೋ ಅಮ್ಮ’.

“ಬಂದೋರು ಮೊದಲು ಕೇಳೋದೇ, ಇಲ್ಲಿ ಡೈವೋರ್ಸ್ ಕೊಡ್ತಾರಾ ಅಂತ,” ಎನ್ನುತ್ತಾರೆ ಬರೆಯೋ ಅಮ್ಮ. “ಡೈವೋರ್ಸು ಕೋರ್ಟಿನ ಕೆಲಸ. ದೇವರು ಕೂಡಿಸಿದ್ದನ್ನ ಬಿಡಿಸೋಕೆ ಇಲ್ಲಿ ಯಾರಿಗೂ ಅಧಿಕಾರ ಇಲ್ಲ. ಅವತ್ತು ಪೀಠದ ಮುಂದೆ ನಿಂತಾಗ ಇಬ್ಬರೂ ಮನಸಾರೆ ಒಪ್ಪಿದ್ರಾ ಅಂತ ನೋಡ್ತಾರೆ, ಅಷ್ಟೆ. ಒಪ್ಪಿರ್ಲಿಲ್ಲ ಅಂದ್ರೆ ಅದು ಮದುವೇನೇ ಆಗಿರ್ಲಿಲ್ಲ. ಆಗ ಅವರು ಇನ್ನೊಬ್ಬರ ಕೈ ಹಿಡಿದು ಚರ್ಚಿಗೆ ಬರಬಹುದು.”

ವಾರಕ್ಕೆ ಎರಡು ದಿನ ವಿಚಾರಣೆ. ಒಂದು ಹೇಳಿಕೆಗೆ ಎರಡೂವರೆ ಗಂಟೆ, ಅಳು ಬಂದರೆ ಮೂರು. ವರ್ಷಕ್ಕೆ ನಲವತ್ತು ಅರ್ಜಿ, ಒಂದೊಂದಕ್ಕೂ ನಾಲ್ಕೈದು ಸಾಕ್ಷಿ. ಕಂಪ್ಯೂಟರ್ ಬಂದು ಹತ್ತು ವರ್ಷವಾದರೂ ಹೇಳಿಕೆಯನ್ನು ಈಕೆ ಕೈಯಲ್ಲೇ ಬರೆಯುತ್ತಾರೆ, ಏಕೆಂದರೆ ಟೈಪಿನ ಸದ್ದಿಗೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಬಾಯಿಂದ ಬಂದ ಮಾತು ಬಂದ ಹಾಗೇ ಕಾಗದಕ್ಕೆ ಇಳಿಯಬೇಕು. ಬೈದರೆ ಬೈಗುಳ, ಮಾತು ನಿಂತರೆ ‘ಸುಮ್ಮನಾದರು’ ಎಂದು. ಕೊನೆಗೆ ಗಟ್ಟಿಯಾಗಿ ಓದಿ ಹೇಳಬೇಕು, ಹೌದೆಂದ ಮೇಲೆ ಸಹಿ. ತೀರ್ಪು ಕೊಡುವ ಮೂವರು ಪಾದ್ರಿಗಳು ಯಾರ ಮುಖವನ್ನೂ ನೋಡುವುದಿಲ್ಲ. ಅವರ ಕೈಗೆ ಸಿಗುವುದು ಈ ಕಾಗದ ಮಾತ್ರ.

ಬಸ್ ಡಿಪೋದಲ್ಲಿ ಟೈರ್ ಬದಲಿಸಿ ನಿವೃತ್ತರಾದ ಇವರ ಯಜಮಾನರು ತಮಾಷೆಯ ಮನುಷ್ಯ. “ಮೂವತ್ತು ವರ್ಷದಿಂದ ಇವಳ ಹತ್ರ ನೆಟ್ಟಗೆ ಒಂದು ಜಗಳ ಆಡಿಲ್ಲ ರೀ. ಎಲ್ಲಾ ಓದಿ ಹೇಳಿ ಸಹಿ ಹಾಕಿಸ್ಕೊಂಡ್ರೆ ಏನು ಗತಿ?” ಎಂದು ನಗುತ್ತಾರೆ. ವಿಚಾರಣೆಯ ದಿನ ಅಡುಗೆ ಅವರದ್ದೇ. ಹೆಂಡತಿ ಮನೆಗೆ ಬಂದರೆ ಒಂದು ಗಂಟೆ ಯಾರೂ ಮಾತಾಡಕೂಡದು. “ಕಿವಿ ತುಂಬಿ ಹೋಗಿರುತ್ತೆ,” ಎನ್ನುತ್ತಾರೆ ಅಮ್ಮ. “ಸಾಕಪ್ಪಾ ಸಾಕು ಅನ್ಸುತ್ತೆ. ಬೆಳಗಾದ್ರೆ ಮತ್ತೆ ಬರ್ತೀನಿ.”

ಹೀಗೆ ಬಂದು ಹೋಗಿ ಮಾಡುತ್ತಲೇ ಮೂರು ವರ್ಷದ ಹಿಂದೆ ಅವರು ಒಂದು ತಪ್ಪು ಮಾಡಿದ್ದಾರೆ. ಇಲ್ಲಿನ ಹೇಳಿಕೆಗಳೆಲ್ಲ ಗುಟ್ಟು. ಆದರೆ ಆ ತಪ್ಪು ನಡೆದ ಹೇಳಿಕೆಯ ವಿಷಯವನ್ನು ಈ ಲೇಖನದಲ್ಲಿ ಬರೆಯಲು ಅದರ ಒಡತಿಯೇ ಒಪ್ಪಿದ್ದಾಳೆ. “ಬರೀಲಿ ಬಿಡಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ,” ಎಂದಿದ್ದಾಳೆ.

ಆಕೆ ಹೊಲಿಗೆ ಕೆಲಸದವಳು. ಕೋರ್ಟಿನಲ್ಲಿ ವಿಚ್ಛೇದನ ಸಿಕ್ಕಿ, ಹೆಂಡತಿ ತೀರಿಕೊಂಡ ಒಬ್ಬ ಬಡಗಿಯನ್ನು ಮದುವೆಯಾಗಬೇಕೆಂದು ಅರ್ಜಿ ಹಾಕಿಕೊಂಡು ಬಂದಿದ್ದಳು. ಚರ್ಚಿನಲ್ಲಿ ಮದುವೆಯಾಗದೆ ಅವನ ಮನೆಯ ಹೊಸಿಲು ತುಳಿಯುವುದಿಲ್ಲ ಎಂಬುದು ಆಕೆಯ ಹಟ. ಮೊದಲ ಮದುವೆಯ ಬಗ್ಗೆ ಕೇಳಿದಾಗ ಹೇಳಿದ್ದು ಇಷ್ಟು: “ಒಲ್ಲೆ ಅಂದಿದ್ದಕ್ಕೆ ಅಪ್ಪ ಕೋಣೆಗೆ ಬೀಗ ಹಾಕಿದ. ಬೆಳಿಗ್ಗೆ ಮದುವೆ ಬಟ್ಟೆ ಉಟ್ಕೊಂಡೆ ಅಂತ ಒಳಗಿಂದ ಕೂಗಿ ಹೇಳಿದ ಮೇಲೇ ತೆಗೆದಿದ್ದು.”

ಆ ಅಪ್ಪ ಆಗ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಮಗಳಿಗಾಗಿ ಸಾಕ್ಷಿ ಹೇಳಲು ಬಂದ ಮುದುಕ, ಕೋಲೂರಿಕೊಂಡು ಮೆಟ್ಟಿಲು ಹತ್ತಿದ್ದ. ಬರೆಯೋ ಅಮ್ಮನಿಗೆ ಬೀಗ ಎಂಬ ಮಾತು ಇವನ ಮುಖಕ್ಕೆ ಹೇಗೆ ಹೊಡೆಯುತ್ತದೋ ಎನಿಸಿ, ಪೆನ್ನು ತಾನಾಗಿ ಮೆದುವಾಯಿತು. ‘ತಂದೆಯವರು ಮದುವೆಗೆ ಬಹಳ ಒತ್ತಾಯ ಮಾಡಿದರು’ ಎಂದು ಬರೆದರು. ಪ್ರಶ್ನೆ ಕೇಳುತ್ತಿದ್ದ ಹಿರಿಯ ಪಾದ್ರಿಗೆ ಕಿವಿ ಮಂದ, ಅವರು ನೆಚ್ಚಿಕೊಂಡದ್ದೂ ಈ ಕಾಗದವನ್ನೇ.

“ಓದಿ ಹೇಳ್ದೆ. ಅವಳೂ ತಲೆ ಆಡಿಸಿದ್ಲು,” ಎನ್ನುವಾಗ ಅಮ್ಮ ಮೇಜನ್ನೇ ನೋಡುತ್ತಾರೆ. “ಅತ್ತು ಸುಸ್ತಾದೋರು ಯಾವುದಕ್ಕಾದ್ರೂ ತಲೆ ಆಡಿಸ್ತಾರೆ. ಅದು ನನಗೆ ಗೊತ್ತಿತ್ತು.”

ಆಮೇಲೆ ಒಳಗೆ ಬಂದ ಅಪ್ಪನೂ ಒತ್ತಾಯ ಮಾಡಿದ್ದು ಹೌದೆಂದ, ಬೀಗದ ಮಾತೆತ್ತಲಿಲ್ಲ. ಹೆತ್ತವರ ಒತ್ತಾಯ ಎಲ್ಲ ಮನೆಯಲ್ಲೂ ಇರುವಂಥದ್ದು, ಅದರಿಂದ ಮದುವೆ ಸುಳ್ಳಾಗದು ಎಂದು ಅರ್ಜಿ ತಿರಸ್ಕೃತವಾಯಿತು. ಆ ತೀರ್ಪನ್ನು ಟೈಪ್ ಮಾಡಿದ್ದೂ ಬರೆಯೋ ಅಮ್ಮನೇ. ‘ಒತ್ತಾಯ’ ತನ್ನದೇ ಮಾತೆಂದು ಅವರಿಗೆ ಅಲ್ಲೇ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚಾಗಿ ಅಷ್ಟು ವರ್ಷ ಬರೆದ ಪ್ರತಿಯೊಂದು ಹಾಳೆಯ ಮೇಲೂ ಅನುಮಾನ ಏಳಬಹುದು. ಹೆದರಿದರು. ಅದನ್ನು ಅವರು ಮುಚ್ಚಿಡುವುದಿಲ್ಲ.

ಈ ನಡುವೆ ಆ ಅಪ್ಪ ತೀರಿಕೊಂಡ, ಹಿರಿಯ ಪಾದ್ರಿಯೂ ಹೋದರು. ಹೋದ ತಿಂಗಳು ಹೊಲಿಗೆಯಾಕೆ ಮತ್ತೆ ಅರ್ಜಿ ಹಾಕಲು ಬಂದು, ತನ್ನ ಹಳೆಯ ಹೇಳಿಕೆಯ ಪ್ರತಿ ಕೇಳಿ ಪಡೆದಳು. ನಿಂತಲ್ಲೇ ಎರಡು ಸಲ ಓದಿದಳು.

“ಅಮ್ಮಾ, ನಾನು ಬೀಗ ಅಂದಿದ್ದೆ ಅಲ್ವಾ?”

ಬರೆಯೋ ಅಮ್ಮ ಬಾಯಿ ತೆರೆಯುವ ಮೊದಲೇ ಆಕೆಯೇ ಮುಂದುವರಿಸಿದಳು. “ಇಲ್ಲ ಬಿಡಿ, ನಾನೇ ಹೇಳಿಲ್ವೇನೋ. ಸುಮ್ಮನೆ ಮನಸ್ಸಲ್ಲೇ ಅಂದ್ಕೊಂಡಿದ್ದೆನೋ ಏನೋ.”

“ನನ್ನನ್ನ ಬೈದಿದ್ರೆ ತಡ್ಕೊತಿದ್ದೆ,” ಎನ್ನುತ್ತಾರೆ ಬರೆಯೋ ಅಮ್ಮ. “ತನ್ನ ಮಾತನ್ನ ತಾನೇ ನಂಬದ ಹಾಗಾಯ್ತಲ್ಲ ಅವಳಿಗೆ. ಹಿಂದೆ ಗಂಡಸರು ಒಂದು ಚೀಟಿ ಗೀಚಿಕೊಟ್ಟು ಹೆಂಡ್ತೀನ ಬೀದಿಗೆ ಕಳಿಸ್ತಿದ್ರಂತೆ. ಅದಕ್ಕೇ ಯೇಸುಸ್ವಾಮಿ ವಿಚ್ಛೇದನದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಮಾತಾಡಿದ್ದು ಅಂತ ನನ್ನ ಅನಿಸಿಕೆ. ಆ ಗಂಡಸರು ಚೀಟಿ ಬರೆದು ಹೆಂಗಸರ ಬಾಳು ಕೆಡಿಸಿದ್ರು. ನಾನು ಬರೆದಿದ್ದೂ ಚೀಟೀನೇ.”

ಅಂದೇ ಸಂಜೆ ಅವರು ಮುಖ್ಯ ನ್ಯಾಯಾಧೀಶ ಪಾದ್ರಿಯ ಬಾಗಿಲು ತಟ್ಟಿ ಎಲ್ಲ ಹೇಳಿದರು. ಇಂದು ಒಂಬತ್ತು ಗಂಟೆಗೆ ಇದೇ ಕೋಣೆಯಲ್ಲಿ ಬರೆಯೋ ಅಮ್ಮನದೇ ಹೇಳಿಕೆ. ಬೀಗದ ಮಾತು ಅಪ್ಪ ಸತ್ತ ಮೇಲೆ ಕಟ್ಟಿಕೊಂಡ ಕಥೆಯಲ್ಲ, ಮೂರು ವರ್ಷದ ಹಿಂದೆಯೇ ಆಡಿದ್ದು ಎನ್ನಲು ಈಗ ಉಳಿದಿರುವುದು ಇವರೊಬ್ಬರೇ. ಇವರ ಮಾತು ನಿಂತರೆ ಅರ್ಜಿ ಮತ್ತೆ ತೆರೆಯುತ್ತದೆ. ಇಲ್ಲವಾದರೆ ಹೊಲಿಗೆಯಾಕೆಯ ದಾರಿ ಮುಚ್ಚಿದ ಹಾಗೆ.

ಒಳಗೆ ಹೊರಗಿನವರಿಗೆ ಜಾಗವಿಲ್ಲ. ನಡೆದದ್ದನ್ನು ಆಮೇಲೆ ಮೆಟ್ಟಿಲ ಮೇಲೆ ಕೂತು ಅವರೇ ಹೇಳುತ್ತಾರೆ. ಬರೆದುಕೊಳ್ಳಲು ಇಂದು ಕಡತಗಳ ಕೋಣೆಯ ಸಿಸ್ಟರ್ ಬಂದಿದ್ದಾರೆ. ಹದಿನೈದು ವರ್ಷದ ಗೆಳತಿ, ಇಬ್ಬರದೂ ಒಂದೇ ಬುತ್ತಿ. ಮೊದಲ ಮದುವೆ ನಿಜವಾದದ್ದೇ ಎಂದು ವಾದಿಸುವುದಕ್ಕೆಂದೇ ನೇಮಕವಾದ ಪಾದ್ರಿ ಬಿಡದೆ ಕೆದಕುತ್ತಾರೆ.

“ಸಾವಿರಾರು ಹೇಳಿಕೆ ಬರೆದೋರು ನೀವು. ಅವಳು ಆಡಿದ ಆ ಒಂದು ಮಾತು ಇಷ್ಟು ಚೆನ್ನಾಗಿ ಹೇಗೆ ನೆನಪಿದೆ?”

“ಉಳಿದದ್ದೆಲ್ಲ ಬರೆದುಬಿಟ್ಟೆ ಫಾದರ್, ಮರೆತೋಯ್ತು. ಇದನ್ನ ಬರೀಲಿಲ್ಲ. ಹಾಗಾಗಿ ಉಳ್ಕೊಂಡಿದೆ.”

ಒಂದು ಗಂಟೆ ಕಳೆದ ಮೇಲೆ ಎಲ್ಲ ಮುಗಿಯುತ್ತದೆ. ಸಿಸ್ಟರ್ ಹಾಳೆ ಎತ್ತಿಕೊಂಡು ಓದಿ ಹೇಳುತ್ತಾರೆ: ‘ಅಂದು ಅಚಾತುರ್ಯದಿಂದ ಅರ್ಜಿದಾರಳ ಮಾತು ನನ್ನ ಕೈಯಲ್ಲಿ ಬದಲಾಯಿತು...’

“ತಾಳಿ ಸಿಸ್ಟರ್. ಅಚಾತುರ್ಯ ಅಂತ ನಾನಂದಿಲ್ಲ.”

ಸಿಸ್ಟರ್ ತಲೆ ಎತ್ತುವುದಿಲ್ಲ. “ಅಲ್ಲಾ ಅಮ್ಮಾ, ನಿಮ್ಮ ಕೆಲಸದ ವಿಷಯ... ನಾಳೆ ಬಿಷಪ್ಪರ ಮುಂದೆ ಹೋಗುತ್ತೆ ಇದು.”

“ಗೊತ್ತು. ಗೊತ್ತಿದ್ದೂ ಬದಲಾಯಿಸ್ದೆ, ಆಮೇಲೆ ಹೆದರಿ ಸುಮ್ಮನಿದ್ದೆ ಅಂದೆ. ಅದನ್ನೇ ಬರೀರಿ. ಅಳಿಸ್ಬೇಡಿ, ಅಳಿಸಿದ ಕಾಗದಾನ ಯಾರೂ ನಂಬಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಬರೀರಿ.”

ಸಿಸ್ಟರ್ ಕಣ್ಣೊರೆಸಿಕೊಂಡು ಗೆರೆ ಎಳೆಯುತ್ತಾರೆ, ಬರೆಯುತ್ತಾರೆ, ಮೊದಲಿನಿಂದ ಮತ್ತೆ ಓದುತ್ತಾರೆ. ಬರೆಯೋ ಅಮ್ಮ ಕೊನೆಯವರೆಗೂ ಕೇಳಿಸಿಕೊಳ್ಳುತ್ತಾರೆ.

“ಹೌದು, ಇದು ನಾನು ಹೇಳಿದ್ದೇ,” ಎಂದು ಪೆನ್ನಿಗೆ ಕೈ ಚಾಚುತ್ತಾರೆ. “ಕೊಡಿ, ಸಹಿ ಹಾಕ್ತೀನಿ.”