ಬೇಲಿಯಾಚೆಯ ತಮ್ಮ

ನಾನು ಚಿಕ್ಕವಳಿದ್ದಾಗ ನನಗಿದ್ದಷ್ಟು ಹೊಟ್ಟೆಕಿಚ್ಚು ನಮ್ಮ ತೋಟದಲ್ಲಿ ಇನ್ಯಾರಿಗೂ ಇರಲಿಲ್ಲ, ಮಕ್ಕಳೇ. ನಗಬೇಡಿ. ವಯಸ್ಸಾದ ಮೇಲೆ ಕಡಿಮೆಯಾಗಿರಬೇಕು ಎಂದುಕೊಂಡಿದ್ದೀರಾ? ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ತಿತಿಮತಿಯಿಂದ ಒಳಗೆ, ಕಾಡಿಗೆ ಅಂಟಿಕೊಂಡ ಒಂದು ಕಾಫಿ ತೋಟದಲ್ಲಿ ನಮ್ಮ ಮನೆ ಇತ್ತು. ಅಪ್ಪ ವಾರವೆಲ್ಲ ತೋಟದ ರೈಟರು, ಅಂದರೆ ಆಳುಗಳ ಹಾಜರಿ ಹಾಕಿ ಕೆಲಸ ಹಂಚುವವರು. ಭಾನುವಾರ ಮಾತ್ರ ಚರ್ಚಿನ ಉಪದೇಶಿ. ನಮ್ಮದು ಹಂಚಿನ ಮಾಡಿನ ಚಿಕ್ಕ ಚರ್ಚು. ಪೂಜೆ ಮಾಡುವ ಸ್ವಾಮಿಗಳು, ಅಂದರೆ ಪಾದ್ರಿಗಳು, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು ಎಲ್ಲ ಅಪ್ಪನ ಪಾಲಿಗೆ. ಜ್ಞಾನೋಪದೇಶವೆಂದರೆ ಬರೀ ಪ್ರಶ್ನೆ ಮತ್ತು ಉತ್ತರ. ದೇವರು ಯಾರು, ಪಾಪವೆಂದರೇನು, ಸ್ವರ್ಗಕ್ಕೆ ಯಾರು ಹೋಗುತ್ತಾರೆ ಎಂದು ಅಪ್ಪ ಕೇಳುತ್ತಿದ್ದರು. ನಾವು ಒಂದಕ್ಷರ ತಪ್ಪದೆ ಹೇಳಬೇಕಿತ್ತು.

ನಾನು ತಪ್ಪುತ್ತಿರಲಿಲ್ಲ. ಉಸಿರು ಬಿಡದೆ ಗಡಗಡನೆ ಒಪ್ಪಿಸುತ್ತಿದ್ದೆ. ತಪ್ಪುತ್ತಿದ್ದವಳು ಅಕ್ಕ. ಅರ್ಧ ಉತ್ತರ ಹೇಳಿ ಕಿಟಕಿಯಾಚೆ ನೋಡುತ್ತಾ ನಿಂತುಬಿಡುತ್ತಿದ್ದಳು. ಆದರೂ ಎಲ್ಲರಿಗೂ ಅಕ್ಕನೇ ಬೇಕು. ಆಳುಗಳ ಲೈನು ಮನೆಯ ತಮಿಳು ಅಜ್ಜಿ ಮುರುಕು ಮಾಡಿದರೆ ಮೊದಲು ಅಕ್ಕನ ಕೈಗೆ. ಪಕ್ಕದ ಮನೆಯ ಮಲಯಾಳಿ ಚೇಚಿ ಮಲ್ಲಿಗೆ ಕಟ್ಟಿದರೆ ಅಕ್ಕನ ಜಡೆಗೆ. ನನ್ನ ಜಡೆ ಇಲಿಬಾಲದ ಹಾಗಿತ್ತು, ನಿಜ. ಇಲಿಬಾಲಕ್ಕೂ ಒಂದು ಹೂವು ಮುಡಿಸಿದ್ದರೆ ಯಾರ ಗಂಟೇನು ಹೋಗುತ್ತಿತ್ತು?

ಆ ವರ್ಷದ ಮಳೆಗಾಲದಲ್ಲಿ ಅಮ್ಮನಿಗೆ ಗಂಡು ಮಗು ಹುಟ್ಟಿತು. ಹುಟ್ಟಿ ಸ್ವಲ್ಪ ಹೊತ್ತಿಗೇ ಉಸಿರು ನಿಂತುಹೋಯಿತು. ನಮ್ಮಲ್ಲಿ ಮಗುವಿಗೆ ಜ್ಞಾನಸ್ನಾನ ಕೊಟ್ಟು ಹೆಸರಿಡುತ್ತಾರೆ. ಜೀವ ಹೋಗುವ ಹಾಗಿದ್ದರೆ ಸ್ವಾಮಿಗಳಿಗೆ ಕಾಯಬೇಕಿಲ್ಲ, ಯಾರಾದರೂ ತಲೆಯ ಮೇಲೆ ನೀರು ಹಾಕಿ ಎರಡು ಮಾತು ಹೇಳಿದರೆ ಸಾಕು. ಆ ಮಾತು ಗೊತ್ತಿದ್ದವರು ಅಪ್ಪ. ತೋಟದ ಆ ತುದಿಯಿಂದ ಅಪ್ಪ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜ್ಞಾನಸ್ನಾನವಾಗದ ಕೂಸನ್ನು ಆಗ ಸಮಾಧಿ ಜಾಗದ ಒಳಗೆ ಹೂಳುತ್ತಿರಲಿಲ್ಲ. ಬೇಲಿಯಾಚೆ, ಬೇಲಿಗೂ ಆನೆ ಕಂದಕಕ್ಕೂ ನಡುವಿನ ಕುರುಚಲು ಜಾಗದಲ್ಲಿ ಇಡುತ್ತಿದ್ದರು. ಹೆಸರಿಲ್ಲ, ಶಿಲುಬೆಯಿಲ್ಲ. ನಮ್ಮ ತಮ್ಮನನ್ನೂ ಅಲ್ಲೇ ಇಟ್ಟರು.

ಅಂದಿನಿಂದ ಅಮ್ಮ ಮಾತು ಕಡಿಮೆ ಮಾಡಿದಳು. ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಚರ್ಚಿಗೆ ಮಾತ್ರ ಬರುತ್ತಿರಲಿಲ್ಲ. ಸಂಜೆ ಹೊತ್ತು ಅಕ್ಕನ ಕೈ ಹಿಡಿದು ಬೇಲಿಯ ಕಡೆ ಹೋಗಿ ಬರುತ್ತಿದ್ದಳು. ಅಕ್ಕನನ್ನು ಮಾತ್ರ. ನಾನೂ ಬರುತ್ತೇನೆ ಎಂದರೆ, "ನಿಂಗೆ ಚಳಿ ಆಗ್ತದೆ, ಒಳಗಿರು" ಅನ್ನುತ್ತಿದ್ದಳು. ಅಕ್ಕನಿಗೆ ಚಳಿಯಾಗುವುದಿಲ್ಲವೇ? ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು, ನಾನು ಎತ್ತಿಕೊಳ್ಳುವ ಮೊದಲೇ ಹೋದ ಆ ಕೂಸಿನ ಮೇಲೂ ಹೊಟ್ಟೆಕಿಚ್ಚು. ಇಬ್ಬರೂ ಸೇರಿ ಅಮ್ಮನನ್ನು ಹಂಚಿಕೊಂಡುಬಿಟ್ಟಿದ್ದರು. ನನಗೆ ಉಳಿದದ್ದು ಅಪ್ಪ ಮತ್ತು ಜ್ಞಾನೋಪದೇಶ.

ನವೆಂಬರಿನಲ್ಲಿ ಸತ್ತವರ ಹಬ್ಬ ಬಂತು. ಸಮಾಧಿಗಳಿಗೆ ಸುಣ್ಣ ಬಳಿದು, ಚೆಂಡುಹೂವು ಇಟ್ಟು, ಮೇಣದಬತ್ತಿ ಹಚ್ಚುವ ದಿನ ಅದು. ಸ್ವಾಮಿಗಳು ಬಂದು ಒಂದೊಂದು ಸಮಾಧಿಯ ಮೇಲೂ ಮಂತ್ರಿಸಿದ ನೀರು ಚಿಮುಕಿಸುತ್ತಾರೆ. ಆ ಸಲ ಬರುವವರು ದೊಡ್ಡ ಸ್ವಾಮಿಗಳು ಎಂದು ಅಪ್ಪ ಹೇಳಿದರು. ಸ್ವಾಮಿಗಳಾಗಲು ಓದುವವರಿಗೇ ಪಾಠ ಹೇಳುವವರಂತೆ, ದೈವಶಾಸ್ತ್ರವನ್ನು ಅರೆದು ಕುಡಿದವರಂತೆ. "ಮಕ್ಕಳನ್ನ ಪ್ರಶ್ನೆ ಕೇಳ್ತಾರೆ, ನನ್ನ ಮಾನ ಕಳೀಬೇಡಿ" ಎಂದು ಅಪ್ಪ ಅಕ್ಕನ ಕಡೆ ನೋಡಿದರು. ನನಗೆ ಒಳಗೊಳಗೇ ಖುಷಿ. ಈ ಸಲವಾದರೂ ಅಕ್ಕ ಸೋಲುತ್ತಾಳೆ, ನಾನು ಗೆಲ್ಲುತ್ತೇನೆ, ಅದನ್ನು ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಾಳೆ ಎಂದು ಲೆಕ್ಕ ಹಾಕಿದೆ.

ದೈವಶಾಸ್ತ್ರದ ಪಂಡಿತರೆಂದರೆ ಎದೆಯವರೆಗೆ ಗಡ್ಡ, ಗುಡುಗಿನಂಥ ದನಿ ಇರುತ್ತದೆ ಎಂದುಕೊಂಡಿದ್ದೆ. ಜೀಪಿನಿಂದ ಇಳಿದವರು ಒಬ್ಬ ಸಣಕಲು ಮನುಷ್ಯ. ನೆಗಡಿಯಾಗಿ ಮೂಗು ಕೆಂಪಾಗಿತ್ತು, ಹತ್ತಿರ ಹೋದರೆ ನೀಲಗಿರಿ ಎಣ್ಣೆಯ ವಾಸನೆ. ಕಣದಲ್ಲಿ ಮೊದಲ ಪಿಕಿಂಗಿನ ಕಾಫಿ ಹರವುತ್ತಿದ್ದ ಹೆಂಗಸರನ್ನು ಕಂಡು ಅಲ್ಲೇ ನಿಂತು, ಬಾರದ ತಮಿಳಿನಲ್ಲಿ ಕ್ಷೇಮ ವಿಚಾರಿಸಿದರು. ಅವರು ತಿದ್ದಿದರೆ ನಕ್ಕು ಮತ್ತೆ ಹೇಳಿದರು. ಬೆಲ್ಲದ ಕಾಫಿ ಕುಡಿದು ಲೋಟವನ್ನು ತಾವೇ ತೊಳೆಯಲು ಹೊರಟಾಗ ಅಪ್ಪ ಗಾಬರಿಯಿಂದ ಕಸಿದುಕೊಂಡರು. ಇವರು ಅಷ್ಟೇನೂ ಓದಿರಲಾರರು ಎಂದು ನನಗೆ ಅನುಮಾನ ಬಂತು.

ಜಗಲಿಯಲ್ಲಿ ಚಾಪೆ ಹಾಸಿ ಕೂತ ಮೇಲೆ ಅಪ್ಪ ನನ್ನನ್ನು ಮುಂದಕ್ಕೆ ತಳ್ಳಿದರು. ಶುರು ಮಾಡಿದವಳು ನಾನು ನಿಲ್ಲಿಸಲೇ ಇಲ್ಲ. ಸ್ವಾಮಿಗಳು ಮೂಗು ಒರೆಸಿಕೊಳ್ಳುತ್ತಾ ಕೊನೆಯವರೆಗೆ ಕೇಳಿ, "ಚೆನ್ನಾಗಿ ಕಲಿತಿದ್ದಿ" ಎಂದರು. ಆಮೇಲೆ, "ನಿಂಗೆ ನನ್ನ ಹತ್ರ ಏನಾದ್ರೂ ಕೇಳ್ಬೇಕು ಅಂತ ಇದೆಯಾ ಮಗಳೇ?" ಎಂದರು. ನಾನು ಕಕ್ಕಾಬಿಕ್ಕಿಯಾದೆ. ಉತ್ತರ ಕಲಿತವಳು ನಾನು, ಪ್ರಶ್ನೆಯನ್ನು ನಾವೂ ಕೇಳಬಹುದು ಎಂದು ಯಾರೂ ಹೇಳಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಕಂಬಕ್ಕೆ ಒರಗಿ ನಿಂತಿದ್ದ ಅಕ್ಕ ಕೇಳಿದಳು, "ಸ್ವಾಮಿ, ನಮ್ಮ ಪಾಪು ಈಗ ಎಲ್ಲಿದೆ?"

ಒಳಗೆ ಅಮ್ಮ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಸ್ವಾಮಿಗಳು ಪೂರ್ತಿ ಅಕ್ಕನ ಕಡೆ ತಿರುಗಿ ಅವಳನ್ನೇ ನೋಡಿದರು. ನಾನು ಅಷ್ಟೆಲ್ಲ ಒಪ್ಪಿಸಿದರೂ ನನ್ನನ್ನು ಹಾಗೆ ನೋಡಿರಲಿಲ್ಲ. ಅವಳ ಪ್ರಶ್ನೆಯ ಉತ್ತರ ನನಗೆ ಬಾಯಿಪಾಠ ಬರುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ಭಾನುವಾರದ ರಾಗದಲ್ಲಿ ಗಟ್ಟಿಯಾಗಿ ಹೇಳಿಬಿಟ್ಟೆ: "ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳಿಗೆ ನೋವೂ ಇಲ್ಲ, ದೇವರ ಮುಖ ನೋಡುವ ಭಾಗ್ಯವೂ ಇಲ್ಲ."

ಯಾರೂ ಶಹಬ್ಬಾಸ್ ಅನ್ನಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಆ ಪಾಠ ನನಗೆ ಕಲಿಸಿದವರು ಅವರೇ.

"ಪಾಠದಲ್ಲಿ ಇರೋ ಹಾಗೇ ಹೇಳಿದೆ ಮಗಳೇ, ತಪ್ಪಿಲ್ಲ" ಎಂದರು ಸ್ವಾಮಿಗಳು. ಮತ್ತೆ ಅಕ್ಕನಿಗೆ, "ಆದ್ರೆ ನೀನು ಕೇಳಿದ್ದಕ್ಕೆ ಉತ್ತರ ನಂಗೆ ಗೊತ್ತಿಲ್ಲ" ಎಂದರು.

ಅಪ್ಪ ತಲೆಯೆತ್ತಿದರು. "ನೀವೇ ಗೊತ್ತಿಲ್ಲ ಅಂದ್ರೆ ನಾನು ಭಾನುವಾರ ಇವರಿಗೆಲ್ಲ ಎಂಥ ಹೇಳೋದು ಸ್ವಾಮಿ?"

"ಗೊತ್ತಿಲ್ಲ ಅಂತಲೇ ಹೇಳಿ, ಉಪದೇಶಿಗಳೇ. ದೇವರು ಹೇಳದೇ ಇರೋದನ್ನ ನಾವು ಅವನ ಬಾಯಿಗೆ ತುರುಕಬಾರದು. ಹೇಳಿರೋದನ್ನ ಅಳೋರ ಮುಂದೆ ನುಂಗಿಕೊಳ್ಳಲೂ ಬಾರದು. ಇಷ್ಟು ವರ್ಷ ಓದಿದವನ ಕೆಲಸ ಇಷ್ಟೇ, ಇದೇ ಕಷ್ಟ." ಆಮೇಲೆ ದನಿ ಏರಿಸಿ, ಅಡುಗೆಮನೆಗೆ ಕೇಳಿಸುವ ಹಾಗೆ ಹೇಳಿದರು. "ಆ ಮಗು ಮೇಲೆ ನಮಗಿರೋದಕ್ಕಿಂತ ಹೆಚ್ಚು ಪ್ರೀತಿ ದೇವರಿಗಿದೆ. ಅದು ಗೊತ್ತು. ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೇನೆ."

ಅಷ್ಟು ಹೇಳಿ ಎದ್ದು ಹೋಗಿ ಅಡುಗೆಮನೆಯ ಹೊಸ್ತಿಲ ಹೊರಗೆ ನೆಲದ ಮೇಲೇ ಕೂತರು. ಏನೂ ಉಪದೇಶ ಮಾಡಲಿಲ್ಲ. ಒಳಗಿಂದ ಅಮ್ಮನ ದನಿ ಕೇಳಿಸಿತು. "ಅವನಿಗೆ ಅಲ್ಲಿ ಚಳಿ ಆಗ್ತದೆ ಸ್ವಾಮಿ. ಆನೆ ಓಡಾಡೋ ಜಾಗ ಅದು." ತಿಂಗಳುಗಳಿಂದ ಅಮ್ಮ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಹೋಗಿ ಅಮ್ಮನ ತೊಡೆಗೆ ಆತು ಕೂತಳು. ನಾನು ಜಗಲಿಯ ಚಾಪೆಯ ಕಡ್ಡಿ ಕೀಳುತ್ತಾ ಕೂತೆ. ಎಲ್ಲ ಉತ್ತರ ಹೇಳಿದವಳು ನಾನು, ಸ್ವಾಮಿಗಳನ್ನೂ ಅಮ್ಮನನ್ನೂ ಒಟ್ಟಿಗೆ ಬಾಚಿಕೊಂಡವಳು ಅವಳು.

ಮಧ್ಯಾಹ್ನ ಇಳಿದ ಮೇಲೆ ಎಲ್ಲರೂ ಸಮಾಧಿ ಜಾಗಕ್ಕೆ ಹೋದೆವು. ಅಮ್ಮನೂ ಬಂದಳು. ಹಸಿ ಸುಣ್ಣದ ವಾಸನೆ, ಮೇಣದ ವಾಸನೆ, ಆಚೆ ಕಂದಕದಿಂದ ಕೆಸರಿನ ವಾಸನೆ. ಸ್ವಾಮಿಗಳು ಒಳಗಿನ ಸಮಾಧಿಗಳಿಗೆಲ್ಲ ನೀರು ಚಿಮುಕಿಸಿ ಮುಗಿಸಿದವರು ಬಿದಿರಿನ ಗೇಟಿನ ಹತ್ತಿರ ಬಂದು ನಿಂತರು. "ಅಲ್ಲಿ ಮಂತ್ರಿಸೋ ಕ್ರಮ ಇಲ್ಲ ಸ್ವಾಮಿ" ಎಂದು ಅಪ್ಪ ಮೆಲ್ಲಗೆ ಹೇಳಿದರು. "ಗೊತ್ತು. ಅಲ್ಲಿ ಪ್ರಾರ್ಥನೆ ಮಾಡಬೇಡ ಅಂತ ಮಾತ್ರ ಎಲ್ಲೂ ಹೇಳಿಲ್ಲ" ಎಂದು ಅವರು ನೀರಿನ ಪಾತ್ರೆಯನ್ನು ಗೇಟಿನ ಬುಡದಲ್ಲಿಟ್ಟು, ಬರಿಗೈಯಲ್ಲಿ ಆಚೆ ಹೋದರು. ದಾರಿ ತೋರಿಸಲು ಯಾರ ಕೈ ಹಿಡಿದರು ಎನ್ನುತ್ತೀರಿ? ಅಕ್ಕನದೇ.

ಅಮ್ಮ ಹಿಂದೆಯೇ ಹೋದಳು. ಅವಳ ಹಿಂದೆ ಲೈನಿನ ಇನ್ನೂ ಕೆಲವು ಹೆಂಗಸರು ಹೋಗಿ, ಆ ಕುರುಚಲಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ನಿಂತರು. ಗುರುತಿಗೆ ಒಂದು ಕಲ್ಲೂ ಇರಲಿಲ್ಲ, ಆದರೂ ತನ್ನ ಕೂಸು ಎಲ್ಲಿದೆ ಎಂದು ಪ್ರತಿಯೊಬ್ಬಳಿಗೂ ಗೊತ್ತಿತ್ತು. ಸ್ವಾಮಿಗಳು ಬಿಳಿ ನಿಲುವಂಗಿಯಲ್ಲೇ ಕೆಸರಿಗೆ ಮಂಡಿಯೂರಿದರು. ಅಮ್ಮನನ್ನು ಏನೋ ಕೇಳಿದರು. ಅಮ್ಮ ಬಗ್ಗಿ ಒಂದೇ ಒಂದು ಮಾತು ಹೇಳಿದಳು. ಆಗ ಅಪ್ಪ ಟೋಪಿ ತೆಗೆದು ಗೇಟು ದಾಟಿ ಹೋಗಿ ಅಮ್ಮನ ಪಕ್ಕ ನಿಂತರು. ಅಮ್ಮ ಅಪ್ಪನ ತೋಳು ಹಿಡಿದುಕೊಂಡು ಅತ್ತಳು. ಅಪ್ಪನೂ ಅತ್ತರು.

ನಾನು ಎಲ್ಲಿದ್ದೆ? ಗೇಟಿನ ಈಚೆ, ನೀರಿನ ಪಾತ್ರೆಯ ಪಕ್ಕ, ಮುಖ ಊದಿಸಿಕೊಂಡು. ಯಾರಾದರೂ ಕರೆಯಲಿ ಎಂದು ಕಾಯುತ್ತಿದ್ದೆ. ಯಾರೂ ಕರೆಯಲಿಲ್ಲ. ಹೊರಡುವಾಗ ಸ್ವಾಮಿಗಳು ನನ್ನ ತಲೆಯ ಮೇಲೆ ಕೈಯಿಟ್ಟು, "ನಿಂದು ತಪ್ಪಲ್ಲ ಮಗಳೇ. ಇಂಥದ್ದಕ್ಕೂ ಉತ್ತರ ಬಾಯಿಪಾಠ ಮಾಡಿಸಿದ್ದು ನಾವು" ಎಂದರು. ನನಗೆ ಬೇಕಿದ್ದದ್ದು ಹೊಗಳಿಕೆ. ಕೈ ಕೊಡವಿ ಓಡಿದೆ.

ಮನೆಗೆ ಬರುವ ದಾರಿಯಲ್ಲಿ ಅಕ್ಕನನ್ನು ತಡೆದು ನಿಲ್ಲಿಸಿದೆ. "ಸ್ವಾಮಿಗಳು ಅಮ್ಮನ್ನ ಎಂಥ ಕೇಳಿದ್ದು?"

"ಪಾಪುಗೆ ಏನು ಹೆಸರು ಇಡಬೇಕು ಅಂತಿದ್ರಿ ಅಂತ. ಅಮ್ಮ ಹೇಳಿದ್ಲು."

"ಏನಂತೆ ಹೆಸರು?"

"ಹೇಳಲ್ಲ. ಸ್ವಾಮಿಗಳ ಕಿವಿಗೆ ಹೇಳಿದ್ದನ್ನ ಪಕ್ಕದಲ್ಲಿ ಇದ್ದವರು ಹೇಳಬಾರದು."

ಪಾಪನಿವೇದನೆಯಲ್ಲಿ ಸ್ವಾಮಿಗಳಿಗೆ ಹೇಳಿದ್ದು ಅಕಸ್ಮಾತ್ ಕಿವಿಗೆ ಬಿದ್ದರೂ ಸಾಯುವ ತನಕ ಯಾರಿಗೂ ಹೇಳಬಾರದು ಎಂದು ಅಪ್ಪ ಕಲಿಸಿದ್ದರು. ಅಮ್ಮ ಮಾಡಿದ್ದು ಪಾಪನಿವೇದನೆಯೇನೂ ಅಲ್ಲ. ಆದರೆ ಯಾವ ಪಾಠವೂ ನೆನಪಿರದ ಆ ಮಹಾರಾಯ್ತಿಗೆ ಅದೊಂದು ಪಾಠ ಮಾತ್ರ ಗಟ್ಟಿಯಾಗಿ ನೆನಪಿತ್ತು. ಹೊಡೆದೆ, ಗೋಗರೆದೆ, ನನ್ನ ರಿಬ್ಬನ್ ಕೊಡುತ್ತೇನೆ ಎಂದೆ. ಜಪ್ಪಯ್ಯ ಅನ್ನಲಿಲ್ಲ.

ಮುಂದಿನ ಭಾನುವಾರ ಅಮ್ಮ ಚರ್ಚಿಗೆ ಬಂದಳು. ಅಪ್ಪ ನಮಗೆ ಆ ಒಂದು ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ಸಂಜೆ ಅಮ್ಮ ನಮ್ಮಿಬ್ಬರನ್ನೂ ಬೇಲಿಯ ಕಡೆ ಕರೆದುಕೊಂಡು ಹೋಗತೊಡಗಿದಳು. ಅಮ್ಮನನ್ನೇ ಹೆಸರು ಕೇಳಬಹುದಿತ್ತು. ಆದರೆ ದೇವರ ಮುಖ ನೋಡಲಾರದು ಎಂದು ಅಮ್ಮನ ಕಿವಿಗೆ ಬೀಳುವ ಹಾಗೆ ನಾನೇ ಹೇಳಿದ ಕೂಸು ಅದು, ಅದರ ಹೆಸರನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ? ನಾಳೆ ಕೇಳೋಣ, ನಾಳೆ ಕೇಳೋಣ ಎನ್ನುತ್ತಲೇ 'ಅಮ್ಮ' ಎಂದು ಕರೆದರೆ ಓಗೊಡಲು ಅಮ್ಮನೇ ಇಲ್ಲವಾದಳು. ಆಮೇಲೆ ಅಕ್ಕನಿಗೆ ಮೈಸೂರಿಗೆ ಫೋನು ಮಾಡಿದಾಗಲೆಲ್ಲ ಕೇಳಿದೆ. ಮುದುಕಿಯಾದರೂ ಅದೇ ಹಟ. "ಗೇಟು ದಾಟಿ ಬಂದಿದ್ರೆ ನಿಂಗೂ ಕೇಳಿಸ್ತಿತ್ತಲ್ಲೇ" ಎಂದು ನಗುತ್ತಿದ್ದಳು.

ಈಗ ನಿಮ್ಮನ್ನು ನೋಡುತ್ತೇನೆ. ಹೋದ ವರ್ಷ ನಿಮ್ಮ ತಂಗಿ ಆಸ್ಪತ್ರೆಯಲ್ಲಿ ಹುಟ್ಟುವಾಗಲೇ ಹೋಗಿಬಿಟ್ಟಳು. ಅವಳ ತಲೆಗೆ ನೀರು ಹಾಕಲೂ ಹೊತ್ತಿರಲಿಲ್ಲ. ಆದರೂ ನಮ್ಮ ಫಾದರ್ ಅವಳನ್ನು ದೊಡ್ಡವರ ನಡುವೆಯೇ, ಹಾಡು ಹೇಳಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವಳ ಹೆಸರಿದೆ. ನಿಮ್ಮ ಅಮ್ಮನ ಫೋನಿನಲ್ಲಿ ಅವಳ ಪುಟ್ಟ ಪಾದದ ಫೋಟೋ ಇದೆ. ಅವಳಿದ್ದಿದ್ದರೆ ಕಿಟಕಿ ಪಕ್ಕದ ಸೀಟು ಯಾರಿಗೆ ಎಂದು ಅವಳ ಹೆಸರು ಹಿಡಿದು ಕಾರಿನಲ್ಲಿ ಜಗಳವಾಡುತ್ತೀರಿ. ಮೊನ್ನೆ ಚರ್ಚಿನಿಂದ ಬಂದವರು, "ಸ್ವರ್ಗದಲ್ಲಿ ಪಾಪುಗಳು ದೊಡ್ಡದಾಗ್ತವಾ ಅಂತ ಕೇಳಿದ್ರೆ ಫಾದರ್ ಗೊತ್ತಿಲ್ಲ ಅಂದ್ರು ಅಜ್ಜಿ" ಎಂದು ಮೂತಿ ಸೊಟ್ಟ ಮಾಡಿದಿರಿ. 'ಗೊತ್ತಿಲ್ಲ' ಎನ್ನುವ ಆ ಮಾತನ್ನು ನಿಮಗೆ ಅಷ್ಟು ಸಲೀಸಾಗಿ ಹೇಳುವವರಿದ್ದಾರೆ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ?

ಅಕ್ಕನೂ ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಗೂ ಹೇಳದೇ ಹೋದಳು. ಅವಳೂ ಅಮ್ಮನೂ ಆ ತಮ್ಮನೂ ಈಗ ಒಂದೇ ಕಡೆ ಇದ್ದಾರೆ ಎಂದೇ ನಾನು ನಂಬಿದ್ದೇನೆ. ಅಲ್ಲಿ ಅಕ್ಕ ಅವನನ್ನು ಹೆಸರು ಹಿಡಿದು ಕರೆಯುತ್ತಿರುತ್ತಾಳೆ, ಅವನು ಓಡಿ ಬರುತ್ತಿರುತ್ತಾನೆ. ನಾನು ಹೋದ ದಿನ, ಒಡಹುಟ್ಟಿದವಳಾಗಿಯೂ, "ಏ ಹುಡುಗಾ" ಎಂದು ಕರೆಯಬೇಕು.