ಬಟ್ಟು ಮಾಡಿ ತೋರಿಸಿದ್ದು

ನನಗೊಂದು ಚಟವಿದೆ. ಬೀಡಿಯದಲ್ಲ, ಎಲೆಯಡಿಕೆಯದೂ ಅಲ್ಲ, ‘ರೀ’ಯ ಚಟ. ಕೊಪ್ಪಳದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ‘ಹೌದ್ರಿ’, ‘ಆತ್ರಿ’, ‘ತರ್ತೀನ್ರಿ’ ಎನ್ನುತ್ತಲೇ ನಿವೃತ್ತನಾದೆ. ನಮ್ಮ ಕಡೆ ಎಲ್ಲರೂ ‘ರೀ’ ಎನ್ನುವವರೇ, ಆದರೆ ನನ್ನದು ಸ್ವಲ್ಪ ಹೆಚ್ಚು. ಫೋನಿನೊಳಗಿನ ಹೆಣ್ಣುದನಿ ‘ನೀವು ಕರೆ ಮಾಡಿದ ಚಂದಾದಾರರು ಕಾರ್ಯನಿರತರಾಗಿದ್ದಾರೆ’ ಎಂದರೆ ‘ಆತ್ರೀ, ಆಮ್ಯಾಲೆ ಮಾಡ್ತೀನ್ರಿ’ ಎಂದು ಇಡುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ, ಮರ್ಯಾದೆಯಿಂದ ಯಾರಿಗೆ ಏನು ಕೆಡುಕಾಗುತ್ತದೆ ಎಂದು ನಾನು ನಂಬಿದ್ದೆ. ಹೋದ ವರ್ಷದವರೆಗೆ.

ಹೋದ ವರ್ಷ ನಮ್ಮ ಕೋಟೆಯ ಕೆಳಗಿನ ಬಯಲಿನಲ್ಲಿ ಮೂರು ದಿನ ಒಂದು ನಾಟಕ ನಡೆಯಿತು. ವೇದಿಕೆ ಇಲ್ಲ, ಪರದೆ ಇಲ್ಲ, ಕುರ್ಚಿಯೂ ಇಲ್ಲ. ಕುಂಪಣಿ ಕಾಲದ ಒಂದು ಊರನ್ನೇ ತಟ್ಟಿ ಕಟ್ಟಿ ಎಬ್ಬಿಸಿದ್ದರು. ಕಮ್ಮಾರ ನಿಜವಾಗಿಯೂ ಭರ್ಚಿ ಬಡಿಯುತ್ತಿದ್ದ, ಹೆಂಗಸರು ನಿಜವಾಗಿಯೂ ರೊಟ್ಟಿ ಬಡಿಯುತ್ತಿದ್ದರು. ನೋಡಲು ಬಂದವರು ಆ ಓಣಿಗಳಲ್ಲಿ ಅಡ್ಡಾಡುತ್ತ ಊರವರೇ ಆಗಿಬಿಡಬೇಕು. ಕುಂಪಣಿಯ ವಿರುದ್ಧ ಕೋಟೆಯಲ್ಲಿ ಬಂಡಾಯವೆದ್ದು, ಅದು ಮುರಿದುಬಿದ್ದು, ತಪ್ಪಿಸಿಕೊಂಡ ಬಂಡುಕೋರನೊಬ್ಬ ಓಡಿಬಂದು ಊರಿನ ಹಗೇವಿನಲ್ಲಿ ಅಡಗುತ್ತಾನೆ. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕುಳಿ. ಅದನ್ನೂ ತೋಡಿದ್ದರು. ನಾನು ಆ ಕಾಲದ ರೊಟ್ಟಿಯನ್ನು ಆ ಕಾಲದ ಪುಂಡಿಪಲ್ಯದ ಜೊತೆ ಎರಡು ಸಲ ತಿಂದೆ. ಇತಿಹಾಸದಲ್ಲಿ ನನಗೆ ಅಷ್ಟು ಆಸಕ್ತಿ ಹಿಂದೆಂದೂ ಹುಟ್ಟಿರಲಿಲ್ಲ.

ನಾನು ಹೋದದ್ದು ರೊಟ್ಟಿಗಲ್ಲ, ವೀರಭದ್ರಪ್ಪನಿಗಾಗಿ. ಅವನು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು, ಇರಕಲ್ಲಗಡದವನು. ಅಡ್ಡಹೆಸರುಗಳ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತ. ನಮ್ಮ ಕಚೇರಿಯಲ್ಲೇ ಉಳ್ಳಾಗಡ್ಡಿಯವರ ಎದುರಿಗೆ ಮೆಣಸಿನಕಾಯಿಯವರು ಕೂರುತ್ತಿದ್ದರು, ಒಗ್ಗರಣೆಗೆ ಎಣ್ಣೆಯೊಂದೇ ಕಡಿಮೆ. ಇಷ್ಟಿದ್ದೂ ವೀರಭದ್ರಪ್ಪ ಮಾತ್ರ ತನ್ನ ಹೆಸರಿನ ಹಿಂದೆ ಬರೀ ‘ಬಿ.’ ಎಂದು ಬರೆಯುತ್ತಿದ್ದ. ಮಗಳ ಲಗ್ನಪತ್ರಿಕೆಯಲ್ಲೂ ಅಷ್ಟೇ. ‘ಬಿ ಅಂದ್ರ ಬದನಿಕಾಯೇನೋ?’ ಎಂದು ನಾನು ಎಷ್ಟು ವರ್ಷ ಕಾಡಿದೆನೋ ಲೆಕ್ಕವಿಲ್ಲ. ನಿವೃತ್ತಿಯಾದ ಮೇಲೊಂದು ದಿನ ಅವನೇ ಹೇಳಿದ. ಬಿ ಅಂದರೆ ಬಟ್ಟಿನವರ.

ಬಟ್ಟು ಎಂದರೆ ಬೆರಳು. ಆ ಬಂಡಾಯ ನಿಜವಾಗಿ ನಡೆದ ಕಾಲಕ್ಕೆ ಕುಂಪಣಿ ಸಿಪಾಯಿಗಳು ಇರಕಲ್ಲಗಡಕ್ಕೆ ಬಂದು ಬಂಡುಕೋರ ಎಲ್ಲಿ ಎಂದು ಕೇಳಿದಾಗ ಹಗೇವಿನ ಕಡೆ ಬಟ್ಟು ಮಾಡಿ ತೋರಿಸಿದವನು ವೀರಭದ್ರಪ್ಪನ ಮನೆತನದ ಹಿರಿಯ. ಅಂದಿನಿಂದ ಆ ಮನೆಗೆ ಅದೇ ಹೆಸರು. ಆದರೆ ಆ ಮನೆಯೊಳಗೆ ಮಾತ್ರ ಉಳಿದ ಇನ್ನೊಂದು ಮಾತಿತ್ತು: ಸಿಪಾಯಿಗಳು ಅವನ ಹೆಂಡತಿಯ ಕೈಯಿಂದ ಕೂಸನ್ನು ಕಸಿದುಕೊಂಡು, ಅದರ ಎದೆಗೆ ಬಂದೂಕಿನ ಚೂರಿ ಹಿಡಿದಿದ್ದರಂತೆ. ಊರು ಬಟ್ಟನ್ನು ನೆನಪಿಟ್ಟಿತು, ಕೂಸನ್ನು ಮರೆಯಿತು. ನಾಟಕ ಕಟ್ಟುತ್ತಿದ್ದ ಗಂಗಾವತಿಯ ಮೇಡಂ ಹಳೆಯ ಕಥೆ ಕೇಳುತ್ತ ಇರಕಲ್ಲಗಡಕ್ಕೆ ಹೋದಾಗ ವೀರಭದ್ರಪ್ಪ ಇದನ್ನು ಹೇಳಿದನು. ಆ ಹಿರಿಯನ ಪಾತ್ರವನ್ನು ತಾನೇ ಮಾಡುತ್ತೇನೆ ಎಂದೂ ಹೇಳಿದನು. ಅವನದು ಒಂದೇ ಷರತ್ತು. ‘ಕೂಸು ಇರಬೇಕ್ರಿ ಮೇಡಂ. ನಮ್ಮೂರ ಮಂದಿ ಕೂಸನ್ನ ನೋಡಬೇಕು.’ ಮೊದಲ ದಿನ ಒಂದು ಟೆಂಪೋ ಮಾಡಿಸಿ ತನ್ನ ಓಣಿಯವರನ್ನೆಲ್ಲ ಕರೆಸಿದ್ದ.

ಶುರುವಿಗೆ ಮುಂಚೆ ಮೇಡಂ ನಮಗೆಲ್ಲ ಹೇಳಿದರು: ‘ಸಿಪಾಯಿಗಳು ಏನ್ ಕೇಳಿದ್ರೂ ಯಾರೂ ಬಾಯಿ ಬಿಡಬ್ಯಾಡ್ರಿ. ಇಷ್ಟೇ ನಿಮ್ಮ ಪಾರ್ಟು.’

ಇಳಿಹೊತ್ತಿಗೆ ಸಿಪಾಯಿಗಳು ಬಂದರು. ಅವರ ಸಾಹೇಬನಾಗಿದ್ದವರು ಕುಷ್ಟಗಿಯ ಒಬ್ಬ ಪಿ.ಟಿ. ಮಾಸ್ತರರು, ಆಜ್ಞೆ ಮಾಡುವುದಕ್ಕೆಂದೇ ಹುಟ್ಟಿದ ಗಂಟಲು. ಬೂಟುಗಾಲಿನಲ್ಲಿ ಓಣಿ ತುಳಿಯುತ್ತ, ಒಬ್ಬೊಬ್ಬರ ಮುಖ ನೋಡುತ್ತ, ನೇರ ನನ್ನೆದುರು ನಿಂತು, ‘ಎಲ್ಲಿ ಹೋದ ಅವನು?’ ಎಂದರು.

‘ಅಲ್ಲಿ ಹಗೇದಾಗ ಇಳದಾರ್ರೀ ಸಾಹೇಬ್ರ’ ಎಂದೆ. ಕೈಯೂ ಎದ್ದು ತೋರಿಸಿಬಿಟ್ಟಿತ್ತು.

ಜನ ಗೊಳ್ಳೆಂದರು. ಮಾಸ್ತರರು ಒಂದು ಕ್ಷಣ ತಬ್ಬಿಬ್ಬಾಗಿ, ಹೇಳಿದ ಮೇಲೆ ಇನ್ನೇನು ಎಂದು ಸಿಪಾಯಿಗಳನ್ನು ಹಗೇವಿನ ಕಡೆ ಓಡಿಸಿದರು. ಜನವೂ ಅತ್ತ ಓಡಿತು. ಬಂಡುಕೋರನನ್ನು ಎಳೆದು ಕಟ್ಟಿದರು, ಕೋಟೆಯ ಕಡೆ ನಡೆಸಿದರು, ನಾಟಕ ಮುಂದಕ್ಕೆ ಹೋಯಿತು. ನಾನು ತಿರುಗಿ ನೋಡಿದರೆ, ಖಾಲಿ ಓಣಿಯ ಕೊನೆಯ ಮನೆಯ ಮುಂದೆ ವೀರಭದ್ರಪ್ಪ ನಿಂತಿದ್ದ. ಪಕ್ಕದಲ್ಲಿ ಅವನ ಹೆಂಡತಿಯ ಪಾತ್ರದವಳು ಬಟ್ಟೆಯ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವರ ಹತ್ತಿರ ಯಾರೂ ಬಂದಿರಲಿಲ್ಲ. ಬರುವ ಅಗತ್ಯವನ್ನು ನಾನೇ ತಪ್ಪಿಸಿದ್ದೆ. ಇರಕಲ್ಲಗಡದ ಟೆಂಪೋ ಕೂಸನ್ನು ನೋಡದೆಯೇ ವಾಪಸು ಹೋಯಿತು.

‘ತಪ್ಪಾತೋ ದೋಸ್ತ’ ಎಂದೆ.

‘ನಿನಗ ಯಾರರ ಬಂದೂಕು ಹಿಡಿದಿದ್ರೇನು?’

‘ಇಲ್ಲ.’

‘ಮತ್ತ್ಯಾಕ ಹೇಳಿದಿ?’

‘ಕೇಳಿದ್ರು... ಹೇಳಿದೆ.’

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಲೆಗೆ ಸುತ್ತಿದ್ದ ರುಮಾಲನ್ನು ಬಿಚ್ಚಿ ಮಡಚುತ್ತ, ‘ನಮ್ಮ ಹಿರ್‍ಯಾ ಅಂಜಿ ಹೇಳಿದ್ದ’ ಎಂದಷ್ಟೇ ಅಂದು ಹೋದ.

ಮನೆಗೆ ಬಂದು ಬಹಳ ಯೋಚಿಸಿದೆ. ನಿಜಾಮರ ಕಾಲದಿಂದ ನಮ್ಮ ನಾಲಿಗೆಗೆ ಅಂಟಿದ ಮಾತುಗಳಲ್ಲಿ ‘ಜವಾಬು’ ಒಂದು. ಕೇಳಿದ್ದಕ್ಕೆ ಕೊಡುವ ಉತ್ತರ. ಅದರ ಹೊಟ್ಟೆಯಲ್ಲೇ ಹುಟ್ಟಿದ್ದು ‘ಜವಾಬ್ದಾರಿ’. ಜೀವಮಾನವಿಡೀ ಮೇಲಿನವರು ಕೇಳಿದ್ದಕ್ಕೆಲ್ಲ ನಾನು ಜವಾಬು ಕೊಟ್ಟಿದ್ದೇನೆ. ಅದರಿಂದ ಯಾರಿಗೆ ಏನಾಯಿತು ಎಂಬ ಜವಾಬ್ದಾರಿ ನನ್ನ ಮೇಜಿನ ಮೇಲೆ ಬರಲೇ ಇಲ್ಲ, ಅಥವಾ ಬಂದದ್ದನ್ನು ಪಕ್ಕದ ಮೇಜಿಗೆ ಸರಿಸಿದೆ. ಕುಂಪಣಿ ಎಂದೋ ಹೋಗಿದೆ. ಬೂಟಿನ ಸಪ್ಪಳ ಕೇಳಿದರೆ ಸಾಕು, ನನ್ನೊಳಗಿನ ಒಬ್ಬ ಇನ್ನೂ ಎದ್ದು ನಿಲ್ಲುತ್ತಾನೆ. ಮರ್ಯಾದೆ ಎಂದು ನಾನು ಸಾಕಿಕೊಂಡು ಬಂದದ್ದರಲ್ಲಿ ಮರ್ಯಾದೆ ಎಷ್ಟು, ಅಂಜಿಕೆ ಎಷ್ಟು ಎಂದು ಬೇರೆ ಮಾಡಲು ಕೂತರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ನಾಚಿಕೆಯೂ ಆಗುತ್ತದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಇರಕಲ್ಲಗಡಕ್ಕೆ ಹೋದೆ. ವೀರಭದ್ರಪ್ಪನ ಓಣಿಯಲ್ಲಿ ಮನೆಮನೆಯ ಕಟ್ಟೆ ಹತ್ತಿ, ‘ನಿನ್ನಿ ನಾಟಕ ಕೆಡಿಸಿದಾಂವ ನಾನೇರಿ. ಇವತ್ತ ಇನ್ನೊಮ್ಮೆ ಬರ್ರೀ, ಕೈ ಮುಗಿತೀನ್ರಿ’ ಎಂದೆ. ಕೆಲವರು ನಕ್ಕರು, ಕೆಲವರು ಹೊಲದಲ್ಲಿ ಕೆಲಸವಿದೆ ಎಂದರು. ಹನುಮವ್ವ ಎಂಬ ಮುದುಕಿ, ಆ ಓಣಿಗೆಲ್ಲ ಹಿರಿಯಳು, ‘ನೋಡಿದ್ದನ್ನ ಮತ್ತೇನ್ ನೋಡೂದೋ ಯಪ್ಪಾ?’ ಎಂದಳು. ‘ನೋಡಲಾರದ್ದು ಒಂದೈತ್ರಿ ಯವ್ವಾ’ ಎಂದೆ. ಅವಳು ಬಂದಳು. ಅವಳು ಬಂದದ್ದರಿಂದ ಇನ್ನೂ ಹತ್ತಾರು ಜನ ಬಂದರು.

ಆ ಸಂಜೆ ಸಾಹೇಬರು ಮತ್ತೆ ನನ್ನೆದುರೇ ನಿಂತರು. ನಿನ್ನೆಯದನ್ನು ಮರೆತಿರಲಿಲ್ಲ ಎಂದು ಕಾಣುತ್ತದೆ, ಇನ್ನಷ್ಟು ಜೋರಾಗಿ ಕೇಳಿದರು. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಕೇಳಿದವರಿಗೆ ಜವಾಬು ಕೊಡದೆ ನಿಂತದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಸಾಹೇಬರು ನನ್ನನ್ನು ಬಿಟ್ಟು ಮುಂದೆ ಹೋದರು, ಕೊನೆಯ ಮನೆಯ ಮುಂದೆ ನಿಂತರು. ಸಿಪಾಯಿಯೊಬ್ಬ ಆ ಹೆಂಗಸಿನ ಕೈಯಿಂದ ಕೂಸನ್ನು ಕಸಿದ. ಅವಳು ಚೀರಿದಳು. ಚೂರಿ ಕೂಸಿನ ಎದೆಗೆ ಬಂತು. ವೀರಭದ್ರಪ್ಪ ಕೂಸನ್ನು ನೋಡಿದ, ಹಗೇವಿನ ಕಡೆ ನೋಡಿದ, ಮತ್ತೆ ಕೂಸನ್ನು ನೋಡಿದ. ಆಮೇಲೆ ಅವನ ಕೈ ಎದ್ದಿತು. ಅಷ್ಟು ನಿಧಾನವಾಗಿ ಒಂದು ಕೈ ಏಳುವುದನ್ನು ನಾನು ಕಂಡಿಲ್ಲ. ನಾನು ಬಾಯಿ ಮುಚ್ಚಿದ್ದಕ್ಕೇ ಪ್ರಶ್ನೆ ಅವನವರೆಗೆ ಹೋಗಿತ್ತಲ್ಲ ಎಂಬುದು ಆಗ ಹೊಳೆಯಿತು. ಈ ಸಲ ಜನ ಹಗೇವಿನ ಕಡೆ ಓಡಲಿಲ್ಲ.

ನಾಟಕ ಮುಗಿದ ಮೇಲೆ ಪಾತ್ರಧಾರಿಗಳು ಸಾಲಾಗಿ ನಿಂತು ಹೆಸರು ಹೇಳಿದರು. ವೀರಭದ್ರಪ್ಪನ ಸರದಿ ಬಂತು. ‘ವೀರಭದ್ರಪ್ಪ ಬಟ್ಟಿನವರ, ಇರಕಲ್ಲಗಡ’ ಎಂದ. ಪೂರ್ತಿ ಹೆಸರನ್ನು ಅವನ ಬಾಯಿಂದ ನಾಲ್ಕು ಜನರ ಮುಂದೆ ನಾನು ಕೇಳಿದ್ದು ಅಂದೇ. ಚಪ್ಪಾಳೆ ಬೀಳಲಿಲ್ಲ.

ಹನುಮವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವನ ಗದ್ದ ಹಿಡಿದು, ‘ಹುಟ್ಟಿದಾಗಿಂದ ನಿಮ್ಮ ಮನಿಗೆ ಬಟ್ಟಿನವರು, ಬಟ್ಟಿನವರು ಅಂತ ಕರಕೋಂತ ಬಂದೀವಿ. ಕೂಸಿತ್ತಂತ ಯಾರೂ ಹೇಳಲೇ ಇಲ್ಲಲ್ಲೋ ತಮ್ಮಾ ನಮಗ’ ಎಂದಳು.

ವೀರಭದ್ರಪ್ಪ ಮಕ್ಕಳಂತೆ ಅತ್ತ. ಪಕ್ಕದಲ್ಲಿದ್ದ ನನ್ನ ಬಾಯಿಗೆ ಒಂದು ‘ರೀ’ಯೂ ಬರಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನ ಹೆಗಲ ಮೇಲಿಟ್ಟೆ.